ಹಾಳುಬಿದ್ದ ಹಳೆಯ ರೈಲು ನಿಲ್ದಾಣಕ್ಕೆ ಸರ್ಕಾರಿ ದುಡ್ಡು ತರುವುದು ಹೇಗೆ?

ಊರಿನ ಹಳೆಯ ರೈಲು ನಿಲ್ದಾಣ ಉಳಿಸಿಕೊಡಿ ಎಂದು ಮನವಿ ಹಿಡಿದು ಹೋದವರ ಹತ್ತಿರ ಅಧಿಕಾರಿಗಳು ಕಟ್ಟಡದ ವಯಸ್ಸು ಕೇಳುವುದು ಕಡಿಮೆ. ಅವರ ತಲೆಯಲ್ಲಿ ಓಡುವ ಪ್ರಶ್ನೆಗಳೇ ಬೇರೆ. ದುಡ್ಡು ಹಾಕಿ ರಿಪೇರಿ ಮಾಡಿಸಿದ ಮೇಲೆ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಮೂರನೇ ಮಳೆಗಾಲಕ್ಕೆ ಹೆಂಚು ಜಾರಿದರೆ ಏಣಿ ಹತ್ತುವವರು ಯಾರು? ಇವಕ್ಕೆ ಉತ್ತರ ಬರೆದುಕೊಂಡು ಹೋದ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟುತ್ತದೆ. ಉತ್ತರವಿಲ್ಲದ್ದು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಟಪಾಲು ವಿಭಾಗದಲ್ಲೇ ಮಲಗುತ್ತದೆ.

ಮಲೆನಾಡಿನಲ್ಲಿ ಇಂಥ ಕಟ್ಟಡಗಳಿಗೆ ಬರವಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆಮೇಲೆ 1930ರ ದಶಕದಲ್ಲಿ ಮೈಸೂರು ಸಂಸ್ಥಾನ ಅದೇ ಹಳಿಯನ್ನು ಕುಂಸಿ, ಅರಸಾಳು, ಆನಂದಪುರ, ಸಾಗರ ಎಂದು ಹಂತಹಂತವಾಗಿ ಕಾಡಿನೊಳಗೆ ಎಳೆದುಕೊಂಡು ಹೋಗಿ, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿಸಿತು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಾಗ ಹೊಸ ಪ್ಲಾಟ್‌ಫಾರ್ಮು, ಹೊಸ ಆರ್‌ಸಿಸಿ ಕಟ್ಟಡಗಳು ಎದ್ದವು. ಹಳೆಯ ಹೆಂಚಿನ ನಿಲ್ದಾಣ, ಗೂಡ್ಸ್ ಶೆಡ್, ಕ್ವಾರ್ಟರ್ಸ್, ಕ್ಯಾಬಿನ್‌ಗಳು ಅನೇಕ ಕಡೆ ಪಕ್ಕಕ್ಕೆ ಉಳಿದವು. ಇದಲ್ಲದೆ ತರೀಕೆರೆ–ನರಸಿಂಹರಾಜಪುರ ನಡುವೆ ಓಡುತ್ತಿದ್ದ ಟ್ರಾಮಿನದು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೌದೆ ಮತ್ತು ಅದಿರು ತರುತ್ತಿದ್ದ ಟ್ರಾಮ್ ದಾರಿಗಳದು ಬೇರೆಯೇ ಕತೆ. ಅವುಗಳ ಹಳಿಯೇ ಮಾಯವಾಗಿದೆ.

ಇಂಥ ಒಂದು ಕಟ್ಟಡಕ್ಕೆ ಸಾರ್ವಜನಿಕ ಹಣ ತರಲು ಹೊರಟವರಿಗೆ ಈ ಬರಹ. ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಹೆಚ್ಚಿನವರು ಆರನೆಯದರಿಂದ, ಅಂದರೆ ಮನವಿ ಪತ್ರದಿಂದ, ಶುರುಮಾಡಿ ಅಲ್ಲೇ ನಿಲ್ಲುತ್ತಾರೆ.

1. ಮೊದಲು ಯಾರ ಆಸ್ತಿ ಎಂದು ಪತ್ತೆಮಾಡಿ

ಓಡುವ ಹಳಿಯ ಪಕ್ಕದ ಕಟ್ಟಡ ಬಹುತೇಕ ರೈಲ್ವೆಯದೇ. ಶಿವಮೊಗ್ಗ–ತಾಳಗುಪ್ಪ ಮಾರ್ಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಆದ್ದರಿಂದ ನಿಮ್ಮ ಕಾಗದ ಮೊದಲು ಹೋಗಬೇಕಾದದ್ದು ಮೈಸೂರಿಗೆ. ದೆಹಲಿಗೆ ನೇರವಾಗಿ ಬರೆದರೂ ಅದು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ.

"ರೈಲ್ವೆಯದೇ ಇರಬೇಕು" ಎಂಬ ಊಹೆ ಸಾಲದು, ಕಾಗದ ಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಮೈಸೂರು ವಿಭಾಗೀಯ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ಆರ್‌ಟಿಐ ಪೋರ್ಟಲ್‌ನಲ್ಲೂ ಹಾಕಬಹುದು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ, ಅಥವಾ ಬಂದ ಉತ್ತರ ಹಾರಿಕೆಯದಾಗಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಪ್ರಶ್ನೆ ಕೇಳುವಾಗ "ಏಕೆ ಪಾಳುಬಿಟ್ಟಿದ್ದೀರಿ?" ಎಂದು ಕೇಳಬೇಡಿ. ಆ ಕಾಯ್ದೆಯಲ್ಲಿ ಕೇಳಬಹುದಾದದ್ದು ದಾಖಲೆ. ವಿವರಣೆಗೆ ಒತ್ತಾಯ ಮಾಡಲಾಗದು. ಹೀಗೆ ಕೇಳಿ: ಈ ನಿಲ್ದಾಣದ ಜಮೀನಿನ ನಕ್ಷೆಯ ಪ್ರತಿ ಕೊಡಿ. ಹಳೆಯ ಕಟ್ಟಡದ ಮೂಲ ಡ್ರಾಯಿಂಗ್ ಇದ್ದರೆ ಅದರ ಪ್ರತಿ ಕೊಡಿ. ಆಸ್ತಿ ವಹಿಯಲ್ಲಿ ಈ ಕಟ್ಟಡದ ಪುಟದ ಪ್ರತಿ ಕೊಡಿ. ಇದನ್ನು ಬಳಕೆಗೆ ಅನರ್ಹ ಎಂದು ಘೋಷಿಸಿದ ಅಥವಾ ಕೆಡವಲು ತೀರ್ಮಾನಿಸಿದ ಆದೇಶವೇನಾದರೂ ಇದ್ದರೆ ಅದರ ಪ್ರತಿ ಕೊಡಿ. ಈ ಕೊನೆಯದು ಬಹಳ ಮುಖ್ಯ. ಕೆಡವುವ ಆದೇಶ ಆಗಿಹೋಗಿದ್ದರೆ ದುಡ್ಡಿನ ಮಾತು ಆಮೇಲೆ. ಮೊದಲು ಆ ಆದೇಶ ತಡೆಹಿಡಿಯುವಂತೆ ಬರೆಯಬೇಕು.

ಹಳಿಯೇ ಇಲ್ಲದ ಟ್ರಾಮ್ ದಾರಿಯ ಕಟ್ಟಡವಾದರೆ ಹುಡುಕಾಟ ತಾಲ್ಲೂಕು ಕಚೇರಿಯಲ್ಲಿ. ಸರ್ವೆ ನಂಬರ್ ಗೊತ್ತಾದ ಮೇಲೆ ಪಹಣಿಯ 9ನೇ ಕಲಂನಲ್ಲಿ ಮಾಲೀಕರ ಹೆಸರು ನೋಡಿ, ಹಳೆಯ ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆಯವರ ಅಳತೆ ಚಿತ್ರ), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ತೆಗೆಸಿ. ಮಲೆನಾಡಿನಲ್ಲಿ ಇಂಥ ಜಾಗ ಕಂದಾಯ ಇಲಾಖೆಯದ್ದಾಗಿರಬಹುದು, ಅರಣ್ಯದ್ದಾಗಿರಬಹುದು, ಯಾರದೋ ತೋಟದೊಳಗೆ ಸೇರಿಹೋಗಿರಲೂಬಹುದು. ಅರಣ್ಯವಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಕಟ್ಟಡದ ಬಳಕೆ ಬದಲಿಸುವ ಮಾತು ಆಡುವ ಮುನ್ನ ವಲಯ ಅರಣ್ಯಾಧಿಕಾರಿಯನ್ನು ಭೇಟಿಮಾಡಿ.

2. ಕಟ್ಟಡವನ್ನು ಕಾಗದದ ಮೇಲೆ ತನ್ನಿ

ಅಳತೆಗೆ, ಫೋಟೋಗೆ ಹೋಗುವ ಮೊದಲು ಅನುಮತಿ ತೆಗೆದುಕೊಳ್ಳಿ. ರೈಲ್ವೆ ಕಾಯ್ದೆ 1989ರ 147ನೇ ಕಲಮಿನಡಿ ಅನುಮತಿಯಿಲ್ಲದೆ ರೈಲ್ವೆ ಜಾಗಕ್ಕೆ ನುಗ್ಗುವುದು ಅಪರಾಧ. ಸ್ಟೇಷನ್ ಮಾಸ್ಟರ್ ಮೂಲಕ, ಕಟ್ಟಡಗಳ ಉಸ್ತುವಾರಿಯ ಸೆಕ್ಷನ್ ಎಂಜಿನಿಯರ್‌ಗೆ ಒಂದು ಪತ್ರ ಕೊಟ್ಟರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಅವರನ್ನೇ ಜೊತೆಗೆ ಕರೆದರೆ ಇನ್ನೂ ಒಳ್ಳೆಯದು. ಮುಂದೆ ನಿಮ್ಮ ಫೈಲಿಗೆ ಅಭಿಪ್ರಾಯ ಬರೆಯುವವರು ಅವರೇ.

ನಾಲ್ಕೂ ಗೋಡೆಯ ನೇರ ಫೋಟೋ, ಒಳಗಿನ ಪ್ರತಿ ಕೋಣೆ, ಮಾಡಿನ ಅಡಿಭಾಗ, ತಳಪಾಯದ ಸುತ್ತ ಇವಿಷ್ಟು ಬೇಕೇ ಬೇಕು. ಬೇಸಿಗೆಯಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಇನ್ನೊಮ್ಮೆ ತೆಗೆಯಿರಿ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ಗೋಡೆಯ ಒಳಗೆ ನೀರು ಎಲ್ಲಿಂದ ಇಳಿಯುತ್ತದೆ, ಇರಚಲು ಎಲ್ಲಿಯವರೆಗೆ ಹೊಡೆಯುತ್ತದೆ ಎಂಬುದು ಮಳೆಯ ಫೋಟೋದಲ್ಲಿ ಮಾತ್ರ ಸಿಗುತ್ತದೆ. ಎಂಜಿನಿಯರ್‌ಗೆ ಅದೊಂದೇ ಚಿತ್ರ ಹತ್ತು ಪುಟದ ವರ್ಣನೆಗಿಂತ ಹೆಚ್ಚು ಹೇಳುತ್ತದೆ.

ಎತ್ತಿ ಒಯ್ಯಬಹುದಾದ ವಸ್ತುಗಳ ಪಟ್ಟಿ ಬೇರೆಯೇ ಮಾಡಿ. ರಟ್ಟಿನ ಟಿಕೆಟ್ ಜೋಡಿಸುತ್ತಿದ್ದ ಮರದ ಗೂಡು, ತೂಕದ ಯಂತ್ರ, ಗಂಟೆಯಾಗಿ ಬಾರಿಸುತ್ತಿದ್ದ ಹಳಿಯ ತುಂಡು, ಸಿಗ್ನಲ್ ಎಳೆಯುವ ಲಿವರ್‌ಗಳು, ಚಾಲಕನಿಗೆ ಕೊಡುತ್ತಿದ್ದ ಟೋಕನ್ ಚೆಂಡಿನ ಯಂತ್ರ, ಮೂರು ಭಾಷೆಯ ಹಳೆ ನಾಮಫಲಕ ಇಂಥವು ಇದ್ದರೆ ಅಳತೆ, ಫೋಟೋ, ಇರುವ ಜಾಗ ಬರೆದಿಡಿ. ರೈಲ್ವೆಯ ಗುಜರಿ ಆನ್‌ಲೈನ್ ಹರಾಜಿನಲ್ಲಿ ಹೋಗುತ್ತದೆ. ಒಮ್ಮೆ ಹರಾಜಿನ ಪಟ್ಟಿಗೆ ಸೇರಿದ ಮೇಲೆ ತಡೆಯುವುದು ಕಷ್ಟ. ಈ ಪಟ್ಟಿಯನ್ನು ವಿಭಾಗೀಯ ಕಚೇರಿಗೆ ತಕ್ಷಣವೇ ಕಳಿಸಿ, ಉಳಿದ ಯೋಜನೆ ಸಿದ್ಧವಾಗುವವರೆಗೆ ಕಾಯಬೇಡಿ.

ಇತಿಹಾಸದ ಟಿಪ್ಪಣಿ ಒಂದು ಪುಟ ಮೀರದಿರಲಿ. ಅದರಲ್ಲಿ ಈ ನಿಲ್ದಾಣಕ್ಕೇ ಸೇರಿದ ವಿಷಯ ಇರಲಿ. ಕುಂಸಿಯವರಾದರೆ ಮ್ಯಾಂಗನೀಸ್ ಗಣಿಯ ಸುದ್ದಿ ಬರೆಯಬಹುದು. ಸಾಗರದವರಾದರೆ 1951ರ ಕಾಗೋಡು ಸತ್ಯಾಗ್ರಹಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನು ಸಾಗರದಲ್ಲಿ ಬಂಧಿಸಿದ್ದನ್ನು ಬಿಡಲಾಗದು. ತಾಳಗುಪ್ಪಕ್ಕೆ ಜೋಗವಿದೆ. ನಿವೃತ್ತ ಗ್ಯಾಂಗ್‌ಮನ್, ಹಮಾಲಿ, ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುತ್ತಿದ್ದವರು ಇನ್ನೂ ಇದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. "ಅಜ್ಜಾರೆ, ನಿಮ್ಮ ಕಾಲದಲ್ಲಿ ಗೂಡ್ಸ್ ಗಾಡಿಗೆ ಏನೇನು ತುಂಬ್ತಿದ್ರಿ?" ಎಂದು ಶುರುಮಾಡಿದರೆ ಸಾಕು, ಗೆಜೆಟಿಯರಿನಲ್ಲಿ ಇಲ್ಲದ್ದೆಲ್ಲ ಬರುತ್ತದೆ.

"ಬ್ರಿಟಿಷರ ಕಾಲದ ಕಟ್ಟಡ" ಎಂದು ಕಣ್ಣುಮುಚ್ಚಿ ಬರೆಯುವ ಚಾಳಿಯೊಂದಿದೆ. ತಾಳಗುಪ್ಪ ಮಾರ್ಗ ಮೈಸೂರು ಸಂಸ್ಥಾನದ ರೈಲ್ವೆಯದು. ತಪ್ಪು ಇತಿಹಾಸ ಬರೆದ ಅರ್ಜಿಯ ಉಳಿದ ಅಂಕಿಗಳ ಮೇಲೂ ಓದುವವರಿಗೆ ನಂಬಿಕೆ ಹೋಗುತ್ತದೆ.

3. ಬಳಕೆ ಏನು, ಬೀಗದ ಕೈ ಯಾರಿಗೆ?

ಇದೇ ಇಡೀ ಕೆಲಸದ ಗಂಟು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಅರಸಾಳಿನದು. ಶಂಕರ್‌ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಯ ನಿಲ್ದಾಣದ ದೃಶ್ಯಗಳನ್ನು ತೆಗೆದದ್ದು ಅಲ್ಲಿ. ಹೊಸ ನಿಲ್ದಾಣ ಬಂದ ಮೇಲೆ ಹಳೆಯದು ಪಾಳುಬಿದ್ದಿತ್ತು. ನೈಋತ್ಯ ರೈಲ್ವೆ ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ತೆರೆಯಿತು. ಆಗ ವರದಿಯಾದ ವೆಚ್ಚ ಸುಮಾರು 1.3 ಕೋಟಿ ರೂಪಾಯಿ. ಕಟ್ಟಡ ರೈಲ್ವೆಯದು, ಹಣ ರೈಲ್ವೆಯದು, ಬಳಕೆಯ ಕಲ್ಪನೆ ಸ್ಪಷ್ಟ. ಮೂರೂ ಒಂದೇ ಕಡೆ ಸೇರಿದ್ದರಿಂದ ಕೆಲಸ ದಡ ಸೇರಿತು.

ಅದನ್ನು ನೋಡಿ ಎಲ್ಲರೂ "ನಮಗೂ ಮ್ಯೂಸಿಯಂ" ಎನ್ನುವುದು ಸಹಜ. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಅರಸಾಳಿಗೆ ದೇಶವೇ ಗುರುತಿಸುವ ಒಂದು ಕತೆ ಇತ್ತು. ಮ್ಯೂಸಿಯಂ ಎಂದರೆ ದಿನವೂ ಬಾಗಿಲು ತೆಗೆಯುವ ಒಬ್ಬರಿಗೆ ಸಂಬಳ, ವಸ್ತುಗಳಿಗೆ ಭದ್ರತೆ, ತೇವದಿಂದ ರಕ್ಷಣೆ. ವರ್ಷಕ್ಕೆ ನೂರಿಪ್ಪತ್ತು ದಿನ ಮಳೆ ಸುರಿಯುವ ಊರಿನಲ್ಲಿ ಕಾಗದ ಮತ್ತು ಫೋಟೋಗೆ ಬೂಸ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಒಂದು ಉದ್ಯೋಗ. ಜನ ದಿನವೂ ಒಳಗೆ ಕಾಲಿಡುವ ಬಳಕೆ ಕಟ್ಟಡಕ್ಕೆ ಕ್ಷೇಮ: ಪ್ರಯಾಣಿಕರ ತಂಗುಕೋಣೆ, ಪಂಚಾಯಿತಿ ಗ್ರಂಥಾಲಯ, ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಹೆಂಗಸರ ಕ್ಯಾಂಟೀನು. ರೈಲ್ವೆಯ 'ಒಂದು ನಿಲ್ದಾಣ ಒಂದು ಉತ್ಪನ್ನ' ಯೋಜನೆಯಡಿ ಸ್ಥಳೀಯ ವಸ್ತು ಮಾರುವ ಮಳಿಗೆಗೂ ಅವಕಾಶವಿದೆ. ಅಪ್ಪೆಮಿಡಿ, ಜೋನಿಬೆಲ್ಲ, ಹಸೆಚಿತ್ತಾರ, ಗುಡಿಗಾರರ ಕೆತ್ತನೆ ಇರುವ ಸೀಮೆಗೆ ಸರಕು ಹುಡುಕಬೇಕಾದ ಕಷ್ಟವಿಲ್ಲ. ಒಂದು ಗೋಡೆಯ ತುಂಬ ಹಳೆಯ ಫೋಟೋ ಹಾಕಿದರೆ ಇತಿಹಾಸದ ಆಸೆಯೂ ತೀರುತ್ತದೆ.

ಬಳಕೆ ಗೊತ್ತಾದ ಮೇಲೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಠರಾವಿನಲ್ಲಿ "ನಿಲ್ದಾಣ ಉಳಿಸಬೇಕು" ಎಂದಷ್ಟೇ ಇದ್ದರೆ ಪ್ರಯೋಜನ ಕಡಿಮೆ. ನಿರ್ವಹಣೆ ಯಾರದು, ವಿದ್ಯುತ್ ಮತ್ತು ನೀರಿನ ಬಿಲ್ ಯಾವ ಲೆಕ್ಕದಿಂದ, ಬೀಗದ ಕೈ ಯಾವ ಹುದ್ದೆಯವರ ಬಳಿ ಎಂಬುದು ದಾಖಲಾಗಲಿ. ವ್ಯಕ್ತಿಯ ಹೆಸರು ಬೇಡ, ಹುದ್ದೆ ಇರಲಿ. ಅಧ್ಯಕ್ಷರು ಬದಲಾಗುತ್ತಾರೆ, ಪಿಡಿಒ ವರ್ಗವಾಗುತ್ತಾರೆ.

4. ಅಂದಾಜು ಪಟ್ಟಿ: ಸಿಮೆಂಟಿನವರ ಕೈಗೆ ಕೊಡುವ ಮುನ್ನ

ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಸಿಮೆಂಟ್ ಪ್ಲಾಸ್ಟರಿಂಗ್, ವಿಟ್ರಿಫೈಡ್ ಟೈಲ್ಸ್, ತಗಡಿನ ಶೀಟು ಎಲ್ಲಕ್ಕೂ ದರ ಸಿದ್ಧವಾಗಿದೆ. ಸುಣ್ಣದ ಗಾರೆ ಕೆಲಸಕ್ಕೆ ದರ ಹೊಂದಿಸಲು ಎಂಜಿನಿಯರ್ ಹೆಚ್ಚಿನ ಶ್ರಮಪಡಬೇಕು. ಆದ್ದರಿಂದ ನೀವು ಏನೂ ಹೇಳದಿದ್ದರೆ ಎಸ್ಟಿಮೇಟ್ ಸಿಮೆಂಟಿನದೇ ಬರುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತೇವ ಕುಡಿದು, ಬಿಸಿಲಿಗೆ ಅದನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಜಂಬಿಟ್ಟಿಗೆಯಾಗಲಿ ಸುಟ್ಟ ಇಟ್ಟಿಗೆಯಾಗಲಿ ಒಳಗಿನಿಂದ ಪುಡಿಯಾಗುತ್ತಾ ಹೋಗಿ, ಕೆಲವು ವರ್ಷಕ್ಕೆ ಪ್ಲಾಸ್ಟರ್ ಹಾಳೆಯಂತೆ ಕಳಚಿಬೀಳುತ್ತದೆ. ಬಣ್ಣವೂ ಹಾಗೆಯೇ. ಪ್ಲಾಸ್ಟಿಕ್ ಎಮಲ್ಷನ್ ಬೇಡ, ಸುಣ್ಣ ಬಳಿಯಿರಿ.

ಸಂರಕ್ಷಣಾ ವಾಸ್ತುಶಿಲ್ಪಿಯಿಂದ ವರದಿ ಪಡೆಯುವುದು ಒಳ್ಳೆಯದು. ಪರಂಪರೆಯ ಕಟ್ಟಡಗಳ ಉಳಿವಿಗೆ ದುಡಿಯುವ, 1984ರಲ್ಲಿ ಹುಟ್ಟಿದ ಇಂಟಾಕ್ ಸಂಸ್ಥೆಯ ಸ್ಥಳೀಯ ಘಟಕಗಳು ಈ ವಿಷಯದಲ್ಲಿ ದಾರಿ ತೋರಿಸುತ್ತವೆ. ಚಿಕ್ಕಬಳ್ಳಾಪುರ ಮಾರ್ಗದ ನಂದಿ, ದೇವನಹಳ್ಳಿ ಕಡೆಯ ಹಳೆಯ ನಿಲ್ದಾಣಗಳ ವಿಷಯದಲ್ಲಿ ರೈಲ್ವೆ ಅದರ ಬೆಂಗಳೂರು ಘಟಕದೊಂದಿಗೆ ಕೈಜೋಡಿಸಿತ್ತು; ಆ ಪೂರ್ವನಿದರ್ಶನವನ್ನು ನಿಮ್ಮ ಪತ್ರದಲ್ಲಿ ಕಾಣಿಸಿ.

ಎಸ್ಟಿಮೇಟನ್ನು ಒಂದೇ ದೊಡ್ಡ ಮೊತ್ತವಾಗಿ ಮಾಡಿಸದೆ ನಾಲ್ಕು ಭಾಗ ಮಾಡಿಸಿ.

ಮೊದಲ ಭಾಗ ತುರ್ತು ಕೆಲಸ: ಗೋಡೆಯಲ್ಲಿ ಬೇರುಬಿಟ್ಟ ಅಶ್ವತ್ಥ ಮತ್ತು ಬಸುರಿ ಗಿಡ ತೆಗೆಯುವುದು, ಒಡೆದ ಹೆಂಚು ಬದಲಿಸುವುದು, ಕಟ್ಟಡದ ಸುತ್ತ ಚರಂಡಿ ಬಿಡಿಸುವುದು, ಗೆದ್ದಲಿಗೆ ಔಷಧಿ. ಇದಕ್ಕೆ ಹಣ ಕಡಿಮೆ, ಪರಿಣಾಮ ಬಹಳ. ಎರಡನೆಯದು ಸಂರಕ್ಷಣೆ: ಪಕಾಸಿ–ರೀಪುಗಳ ಬದಲಾವಣೆ, ಗಾರೆ, ಬಾಗಿಲು–ಕಿಟಕಿ, ಹಳೆಯ ಹಳಿಯನ್ನೇ ಕಂಬ–ತೊಲೆಯಾಗಿ ಬಳಸಿದ್ದರೆ ಅದರ ತುಕ್ಕು ತೆಗೆಯುವುದು. ಮೂರನೆಯದು ಹೊಸ ಬಳಕೆಗೆ ಬೇಕಾದ್ದು: ಶೌಚಾಲಯ, ವೈರಿಂಗ್, ಅಂಗವಿಕಲರಿಗೆ ಇಳಿಜಾರು ದಾರಿ. ಶೌಚಾಲಯವನ್ನು ಹಳೆಯ ಕಟ್ಟಡದ ಒಳಗೆ ತುರುಕಬೇಡಿ, ಹಿಂದೆ ಬೇರೆಯಾಗಿ ಕಟ್ಟಿಸಿ. ನಾಲ್ಕನೆಯದು ಐದು ವರ್ಷದ ನಿರ್ವಹಣೆ. ಇದನ್ನು ಬಹುತೇಕರು ಬರೆಯುವುದೇ ಇಲ್ಲ. ಬರೆದವರ ಅರ್ಜಿಗೆ ತೂಕ ಬರುವುದು ಇಲ್ಲೇ.

ಹೆಂಚಿನ ಬಗ್ಗೆ ಒಂದು ಮಾತು. ಹಳೆಯ ಮಂಗಳೂರು ಹೆಂಚು ತೆಗೆದಾಗ ಅದರ ಬೆನ್ನಿನ ಮೇಲೆ ಕಾರ್ಖಾನೆಯ ಅಚ್ಚು ಇರುತ್ತದೆ. ಗಟ್ಟಿ ಇರುವುದನ್ನೆಲ್ಲ ತೊಳೆದು ಮುಂಭಾಗಕ್ಕೆ ಹೊದಿಸಿ, ಹೊಸದನ್ನು ಹಿಂಭಾಗಕ್ಕೆ ಹಾಕಿ ಎಂದು ಎಸ್ಟಿಮೇಟಿನಲ್ಲೇ ಬರೆಸಿ. ಇಲ್ಲದಿದ್ದರೆ ಹಳೆಯ ಹೆಂಚು, ಸಾಗುವಾನಿ ತೊಲೆ ಯಾವ ಲಾರಿಯಲ್ಲಿ ಹೋಯಿತು ಎಂದು ಆಮೇಲೆ ಹುಡುಕಬೇಕಾಗುತ್ತದೆ.

5. ಯಾವ ಹಣ, ಯಾವ ಭಾಗಕ್ಕೆ

ಒಂದೇ ಕಡೆಯಿಂದ ಪೂರ್ತಿ ಹಣ ಸಿಗುವುದು ಅಪರೂಪ. ಮೇಲಿನ ನಾಲ್ಕು ಭಾಗ ಮಾಡಿಸಿದ್ದು ಇದಕ್ಕೇ.

*ರೈಲ್ವೆಯ ಸ್ವಂತ ಹಣ.* ತುರ್ತು ಕೆಲಸ ರೈಲ್ವೆಯ ಮಾಮೂಲಿ ದುರಸ್ತಿ ಲೆಕ್ಕದಲ್ಲಿ ಆಗಬಹುದು; ಕಟ್ಟಡ ಅವರದೇ. ದೊಡ್ಡ ಕೆಲಸವಾದರೆ ಕಾಮಗಾರಿ ಪಟ್ಟಿಗೆ ಸೇರಬೇಕು. ಪ್ರಯಾಣಿಕರ ಸೌಕರ್ಯಕ್ಕೆಂದು ರೈಲ್ವೆ ಬಜೆಟಿನಲ್ಲಿ ಪ್ರತ್ಯೇಕ ಶೀರ್ಷಿಕೆ ಇದೆ. ತಂಗುಕೋಣೆ, ಶೌಚಾಲಯ ಎಂದು ತೋರಿಸಿದರೆ ಅಲ್ಲಿ ಜಾಗ ಸಿಗುತ್ತದೆ. ರೈಲ್ವೆ ಬಜೆಟ್ 2017ರಿಂದ ಸಾಮಾನ್ಯ ಬಜೆಟಿನೊಳಗೇ ಸೇರಿದೆ, ಫೆಬ್ರುವರಿ 1ಕ್ಕೆ ಮಂಡನೆ. ವಿಭಾಗದಿಂದ ಪ್ರಸ್ತಾವ ಹೊರಡುವುದು ಅದಕ್ಕೆ ಬಹಳ ತಿಂಗಳು ಮುಂಚೆ. ಜನವರಿಯಲ್ಲಿ ಮನವಿ ಕೊಟ್ಟು ಫೆಬ್ರುವರಿಯಲ್ಲಿ ಹೆಸರು ಹುಡುಕುವುದರಲ್ಲಿ ಅರ್ಥವಿಲ್ಲ.

*ಅಮೃತ ಭಾರತ ನಿಲ್ದಾಣ ಯೋಜನೆ.* ಶಿವಮೊಗ್ಗ ಟೌನ್, ಸಾಗರ ಜಂಬಗಾರು, ತಾಳಗುಪ್ಪ ನಿಲ್ದಾಣಗಳು ಇದರ ಪಟ್ಟಿಯಲ್ಲಿವೆ. ಈ ಯೋಜನೆ ರೈಲು ಓಡುತ್ತಿರುವ ನಿಲ್ದಾಣಗಳ ಅಭಿವೃದ್ಧಿಗೆ. ನಿಮ್ಮ ಹಳೆಯ ಕಟ್ಟಡ ಅದೇ ಆವರಣದಲ್ಲಿದ್ದರೆ ಲಾಭವೂ ಇದೆ, ಅಪಾಯವೂ ಇದೆ. ಪಾರ್ಕಿಂಗ್‌ಗೆ ಜಾಗ ಬೇಕಾದಾಗ ಮೊದಲು ಕಣ್ಣಿಗೆ ಬೀಳುವುದು ಹಳೆಯ ಗೂಡ್ಸ್ ಶೆಡ್ಡೇ. ನಿಲ್ದಾಣದ ಮಾಸ್ಟರ್‌ಪ್ಲಾನ್ ಪ್ರತಿ ಕೇಳಿ ಪಡೆದು, ಹಳೆಯ ಕಟ್ಟಡವನ್ನು "ಉಳಿಸಿಕೊಳ್ಳುವುದು" ಎಂದು ಅದರಲ್ಲಿ ಗುರುತಿಸಿದ್ದಾರೆಯೇ ನೋಡಿ.

*ಸಂಸದರ ನಿಧಿ.* ವರ್ಷಕ್ಕೆ 5 ಕೋಟಿ ರೂಪಾಯಿ ಮಿತಿ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡಿ ಕೆಲಸ ಮಾಡಿಸುವುದು ಜಿಲ್ಲಾಡಳಿತ. ಲೋಕಸಭಾ ಸದಸ್ಯರಿಗೆ ತಮ್ಮ ಕ್ಷೇತ್ರವಾದರೆ, ರಾಜ್ಯಸಭೆಗೆ ಆಯ್ಕೆಯಾದವರು ಇಡೀ ರಾಜ್ಯದಲ್ಲಿ ಎಲ್ಲಿಗಾದರೂ ಶಿಫಾರಸು ಮಾಡಬಹುದು; ಇದನ್ನು ಮರೆಯುವವರೇ ಹೆಚ್ಚು. ಈ ನಿಧಿಯ ಉದ್ದೇಶ ಬಾಳಿಕೆ ಬರುವ ಸಮುದಾಯ ಆಸ್ತಿ. ಸುಮ್ಮನೆ ದುರಸ್ತಿ, ಸುಣ್ಣಬಣ್ಣ ಎಂದು ಬರೆದರೆ ತಿರಸ್ಕಾರಕ್ಕೆ ನೀವೇ ಕಾರಣ ಕೊಟ್ಟಂತೆ. ಮೂರನೇ ಭಾಗದ ಶೌಚಾಲಯ, ಕುಡಿಯುವ ನೀರು, ತಂಗುದಾಣ ಇಲ್ಲಿಗೆ ಹೊಂದುತ್ತವೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಅದರ ಮೇಲೆ ರಸ್ತೆ, ದೇವಸ್ಥಾನದ ಸಮುದಾಯ ಭವನ ಎಂದು ಒತ್ತಡ ಜಾಸ್ತಿ.

ರೈಲ್ವೆ ಜಾಗದಲ್ಲಿ ಹೊರಗಿನ ಸರ್ಕಾರಿ ಹಣ ಬಳಸುವಾಗ ರೈಲ್ವೆಯ ಒಪ್ಪಿಗೆ ಪತ್ರ ಕಡ್ಡಾಯ. ಸಾಮಾನ್ಯವಾಗಿ ಹಣವನ್ನು ರೈಲ್ವೆಗೆ ಠೇವಣಿ ಕಟ್ಟಿ, ಅವರೇ ಕೆಲಸ ಮಾಡಿಸುವ ಪದ್ಧತಿ ಇದೆ. ಇದರಲ್ಲಿ ಇಲಾಖಾ ಶುಲ್ಕವೂ ಸೇರುತ್ತದೆ. ಎಸ್ಟಿಮೇಟಿನಲ್ಲಿ ಅದಕ್ಕೆ ಜಾಗ ಬಿಡಿ, ಇಲ್ಲದಿದ್ದರೆ ಕೊನೆಗೆ ಹಣ ಕಡಿಮೆ ಬಿದ್ದು ಕತ್ತರಿ ಬೀಳುವುದು ಗಾರೆ ಕೆಲಸಕ್ಕೇ.

*ರಾಜ್ಯ ಸರ್ಕಾರದ ಕಡೆ.* ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಹಣಕ್ಕಿಂತ ಮೊದಲು ಅವರಿಂದ ಕಟ್ಟಡದ ಮಹತ್ವದ ಬಗ್ಗೆ ಅಭಿಪ್ರಾಯ ಪತ್ರ ಕೇಳಿ. ಉಳಿದ ಎಲ್ಲ ಕಡೆ ಅದು ಉಪಯೋಗಕ್ಕೆ ಬರುತ್ತದೆ. ಶಿವಮೊಗ್ಗದಲ್ಲೇ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ಹತ್ತಿರ ರೈಲ್ವೆ ಗಡಿಯ ಹೊರಗಿನ ಕೆಲಸ ಕೇಳಿ: ಕೂಡುರಸ್ತೆ, ಮೋರಿ, ಚರಂಡಿ. ದಾರಿದೀಪ ಪಂಚಾಯಿತಿಯದು. ಪ್ರವಾಸೋದ್ಯಮ ಇಲಾಖೆಗೆ ಹೋಗುವಾಗ ಜೋಗ, ಕೆಳದಿ, ಇಕ್ಕೇರಿಯ ಜೊತೆ ಒಂದೇ ದಾರಿಯಲ್ಲಿ ಸೇರಿಸಿ ತೋರಿಸಿ. ಒಂಟಿ ಕಟ್ಟಡಕ್ಕೆ ಅಲ್ಲಿ ಆಸಕ್ತಿ ಹುಟ್ಟುವುದು ಕಷ್ಟ.

*ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ.* ಇದು ಸರ್ಕಾರಿ ಬೊಕ್ಕಸದ ಹಣವಲ್ಲದಿದ್ದರೂ ಸಾರ್ವಜನಿಕ ವಲಯದ ಕಂಪನಿಗಳಿಂದಲೂ ಬರುವುದರಿಂದ ಹೇಳಬೇಕು. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ 500 ಕೋಟಿ ನಿವ್ವಳ ಆಸ್ತಿ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಇದಕ್ಕೆ ಇಡಬೇಕು. ಅದೇ ಕಾಯ್ದೆಯ 7ನೇ ಅನುಸೂಚಿಯಲ್ಲಿ "ಐತಿಹಾಸಿಕ ಮಹತ್ವದ ಕಟ್ಟಡ ಮತ್ತು ಸ್ಥಳಗಳ ಪುನರುಜ್ಜೀವನ" ಸ್ಪಷ್ಟವಾಗಿ ಸೇರಿದೆ. ಪತ್ರದಲ್ಲಿ ಆ ಸಾಲನ್ನು ಉಲ್ಲೇಖಿಸಿ. ಕಂಪನಿ ತಾನು ಕೆಲಸಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಶರಾವತಿ ವಿದ್ಯುದಾಗಾರ ನಡೆಸುವ ಕರ್ನಾಟಕ ವಿದ್ಯುತ್ ನಿಗಮದಂಥ ಸಂಸ್ಥೆಗಳ ಬಾಗಿಲು ತಟ್ಟಲು ನಮ್ಮ ಕಡೆಯವರಿಗೆ ಇದೊಂದು ನ್ಯಾಯವಾದ ನೆಲೆ. ಎರಡನೇ ಭಾಗದ ಸಂರಕ್ಷಣಾ ಕೆಲಸಕ್ಕೆ ಇದೇ ಸೂಕ್ತ ಹಣ ಎಂಬುದು ನನ್ನ ಎಣಿಕೆ.

ಆದರೆ ಈ ಹಣ ನಿನ್ನೆ ಹುಟ್ಟಿದ ಸಂಘಕ್ಕೆ ನೇರವಾಗಿ ಬರುವುದಿಲ್ಲ. ಅನುಷ್ಠಾನ ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ (1961ರ ಕಾಯ್ದೆಯಲ್ಲಿ 12ಎ, 80ಜಿ) ಮತ್ತು ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್–1 ನೋಂದಣಿ ಬೇಕು, ಮೂರು ವರ್ಷದ ಕೆಲಸದ ಅನುಭವವೂ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಕಟ್ಟಬಹುದು ನಿಜ, ಅದು ಪತ್ರ ವ್ಯವಹಾರಕ್ಕೆ ಸಾಕು. ಹಣ ಪಡೆಯಲು ಈಗಾಗಲೇ ಅರ್ಹತೆ ಇರುವ ಟ್ರಸ್ಟ್ ಒಂದರ ಜೊತೆ ಕೂಡಿಕೊಳ್ಳಿ. ಇನ್ನೊಂದು ದಾರಿ 1996ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಕೃತಿ ನಿಧಿ. ದಾನಿ, ಆಸ್ತಿಯ ಒಡೆಯ, ನಿಧಿ ಮೂವರ ಒಪ್ಪಂದದ ಮೇಲೆ ಅಲ್ಲಿ ಕೆಲಸ ನಡೆಯುತ್ತದೆ.

ಒಂದೇ ಕೆಲಸವನ್ನು ಎರಡು ಕಡೆ ತೋರಿಸಬೇಡಿ. ಚರಂಡಿಗೆ ಮಂಡಳಿಯಿಂದಲೂ ಹಣ, ಸಂಸದರ ನಿಧಿಯಿಂದಲೂ ಹಣ ಎಂದಾದರೆ ಆಡಿಟ್ ಆಕ್ಷೇಪಣೆ ಬಂದು ಇಡೀ ಕಾಮಗಾರಿ ನಿಲ್ಲುತ್ತದೆ. ಯಾವ ಕೆಲಸ ಯಾರ ಹಣದಲ್ಲಿ ಎಂಬ ಕೋಷ್ಟಕವನ್ನು ಎಲ್ಲ ಅರ್ಜಿಗೂ ಲಗತ್ತಿಸಿ. ಮುಚ್ಚಿಡುವುದಕ್ಕಿಂತ ತೋರಿಸುವುದರಲ್ಲೇ ಲಾಭ. ಒಬ್ಬರು ಮುಂದೆ ಬಂದಿದ್ದಾರೆ ಎಂದರೆ ಇನ್ನೊಬ್ಬರಿಗೆ ಧೈರ್ಯ.

6. ಮನವಿ ಪತ್ರ

ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಬರೆಯುವ ಪತ್ರ ಎರಡು ಪುಟ ದಾಟದಿರಲಿ. ಮೊದಲ ಪ್ಯಾರಾ ಹೀಗಿರಬಹುದು:

"ಮಾನ್ಯರೇ, ನಮ್ಮ ಗ್ರಾಮದ ಹಳೆಯ ಮೀಟರ್‌ಗೇಜ್ ನಿಲ್ದಾಣದ ಕಟ್ಟಡ ಬಳಕೆಯಿಲ್ಲದೆ ಶಿಥಿಲವಾಗುತ್ತಿದೆ. ಇದನ್ನು ಪ್ರಯಾಣಿಕರ ತಂಗುಕೋಣೆ ಹಾಗೂ ಗ್ರಾಮ ಪಂಚಾಯಿತಿಯ ವಾಚನಾಲಯವಾಗಿ ಬಳಸಲು ಅನುಮತಿ ಕೋರುತ್ತೇವೆ. ದುರಸ್ತಿಯ ನಂತರ ನಿರ್ವಹಣೆ ಮತ್ತು ವಿದ್ಯುತ್ ವೆಚ್ಚವನ್ನು ಪಂಚಾಯಿತಿ ಭರಿಸಲಿದ್ದು, ಗ್ರಾಮಸಭೆಯ ಠರಾವನ್ನು ಲಗತ್ತಿಸಿದೆ. ಮಾಡು ಮತ್ತು ಚರಂಡಿಯ ತುರ್ತು ದುರಸ್ತಿಯನ್ನು ಮಳೆಗಾಲಕ್ಕೆ ಮುಂಚೆ ಇಲಾಖೆಯ ವತಿಯಿಂದ ಕೈಗೊಳ್ಳಬೇಕಾಗಿ ವಿನಂತಿ."

ಏನು ಬೇಕು, ಯಾರು ನೋಡಿಕೊಳ್ಳುತ್ತಾರೆ, ಯಾವಾಗ ಬೇಕು ಎಲ್ಲ ಇಷ್ಟರಲ್ಲೇ ಬಂತು. ಇತಿಹಾಸ, ಫೋಟೋ, ಎಸ್ಟಿಮೇಟ್ ಲಗತ್ತಿನಲ್ಲಿರಲಿ. ನಿಲ್ದಾಣಕ್ಕೆ ಇಂಥವರ ಹೆಸರಿಡಬೇಕು, ಇಂಥ ರೈಲು ನಿಲ್ಲಿಸಬೇಕು ಎಂಬ ಬೇಡಿಕೆಗಳನ್ನು ಇದೇ ಪತ್ರಕ್ಕೆ ಸೇರಿಸಿದರೆ ಕಾಗದ ಬೇರೆ ಬೇರೆ ಶಾಖೆಗೆ ಹರಿದು ಹಂಚಿಹೋಗುತ್ತದೆ. ಅವನ್ನು ಬೇರೆ ಪತ್ರದಲ್ಲಿ ಬರೆಯಿರಿ.

ಪ್ರತಿಗಳು ಸಂಸದರಿಗೆ, ಶಾಸಕರಿಗೆ, ಜಿಲ್ಲಾಧಿಕಾರಿಗೆ. ವಿಭಾಗೀಯ ರೈಲು ಬಳಕೆದಾರರ ಸಲಹಾ ಸಮಿತಿಯಲ್ಲಿ ನಿಮ್ಮ ಕಡೆಯ ಸದಸ್ಯರಿದ್ದರೆ ವಿಷಯವನ್ನು ಸಭೆಯ ಕಾರ್ಯಸೂಚಿಗೆ ಸೇರಿಸಲು ಕೇಳಿ. ಸಭೆಯಲ್ಲಿ ಎತ್ತಿದ ವಿಷಯಕ್ಕೆ ಲಿಖಿತ ಉತ್ತರ ಬರುತ್ತದೆ, ಆ ಉತ್ತರದಲ್ಲಿ ಫೈಲ್ ನಂಬರ್ ಇರುತ್ತದೆ. ಆಮೇಲಿನ ಪ್ರತಿ ಪತ್ರಕ್ಕೂ ಆ ನಂಬರ್ ಹಾಕಿ.

7. ಮಲೆನಾಡಿನ ಕ್ಯಾಲೆಂಡರ್

ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನಮ್ಮ ಕಟ್ಟಡದ ವರ್ಷ ಜೂನ್ ಮೊದಲ ವಾರಕ್ಕೆ. ಇವೆರಡರ ನಡುವೆ ಸಿಕ್ಕಿ ಹಾಳಾದ ಕೆಲಸಗಳು ಬಹಳ. ಹಣ ಫೆಬ್ರುವರಿ–ಮಾರ್ಚಿನಲ್ಲಿ ಬಿಡುಗಡೆಯಾಗುತ್ತದೆ, ಗುತ್ತಿಗೆದಾರ ಏಪ್ರಿಲ್‌ನಲ್ಲಿ ಹೆಂಚು ಇಳಿಸುತ್ತಾನೆ, ಮೇ ಕೊನೆಗೆ ಮರ ಸಿಕ್ಕಿಲ್ಲ ಎನ್ನುತ್ತಾನೆ. ಜೂನ್‌ನಲ್ಲಿ ಬೋಳು ಗೋಡೆಯ ಮೇಲೆ ಮಳೆ. ಒಂದೇ ಮಳೆಗಾಲದಲ್ಲಿ ಆಗುವ ಹಾನಿ ಅದುವರೆಗೆ ಪಾಳುಬಿದ್ದಿದ್ದ ವರ್ಷಗಳ ಹಾನಿಗಿಂತ ಜಾಸ್ತಿ.

ಆದ್ದರಿಂದ ಹಣ ಯಾವಾಗಲೇ ಬರಲಿ, ಮಾಡು ಬಿಚ್ಚುವುದು ನವೆಂಬರ್–ಡಿಸೆಂಬರಿನಲ್ಲಿ ಮಾತ್ರ ಎಂದು ಟೆಂಡರಿನ ಷರತ್ತಿನಲ್ಲೇ ಸೇರಿಸಲು ಕೇಳಿ. ಮಂಜೂರಾತಿ ತಡವಾಗಿ ಮಾರ್ಚಿಗೆ ಬಂದರೆ ಆ ಬೇಸಿಗೆಯಲ್ಲಿ ಚರಂಡಿ, ಗಿಡ ತೆಗೆಯುವುದು, ಬಾಗಿಲು–ಕಿಟಕಿಯಷ್ಟೇ ಮಾಡಿ, ಮಾಡಿಗೆ ಗಟ್ಟಿ ಟಾರ್ಪಾಲ್ ಹೊದಿಸಿ ಮಳೆಗಾಲ ಕಳೆಯಿರಿ. ಗಾರೆ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ. ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರ ಮಾಡಿದರೆ ಬಿರುಕು.

8. ಹಣ ಮಂಜೂರಾದ ಮೇಲೆ

ಜಿಲ್ಲಾಡಳಿತದ ಹಣವಾದರೆ ಕೆಲಸ ಅದರದೇ ಕಟ್ಟಡ ಕಾಮಗಾರಿ ಸಂಸ್ಥೆಯಾದ ನಿರ್ಮಿತಿ ಕೇಂದ್ರಕ್ಕೆ ಹೋಗುವ ಸಾಧ್ಯತೆ ಇದೆ. ಕೊಡುವುದರಲ್ಲಿ ತಪ್ಪಿಲ್ಲ, ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ನಮ್ಮ ಕಡೆ ಹಳೆಯ ಮನೆಗಳ ಮಾಡು ಕಟ್ಟಿದ ಬಡಗಿಗಳು ಇನ್ನೂ ಇದ್ದಾರೆ. ಅವರ ಹೆಸರನ್ನು ಎಂಜಿನಿಯರ್‌ಗೆ ಕೊಡಿ.

ಕೆಲಸ ಶುರುವಾಗುವ ಮುನ್ನ ರೈಲ್ವೆ ಮತ್ತು ಪಂಚಾಯಿತಿ (ಅಥವಾ ನಿರ್ವಹಿಸುವ ಸಂಸ್ಥೆ) ನಡುವೆ ಒಡಂಬಡಿಕೆಗೆ ಸಹಿ ಆಗಬೇಕು. ಮುಗಿದ ಮೇಲೆ ನೋಡೋಣ ಎಂದರೆ ಉದ್ಘಾಟನೆ ಆಗಿ, ಬೀಗ ಬಿದ್ದು, ಅಲ್ಲಿಗೇ ನಿಲ್ಲುತ್ತದೆ. ಅದರಲ್ಲಿ ಇರಬೇಕಾದದ್ದು ಇಷ್ಟು: ಎಷ್ಟು ವರ್ಷದ ಅವಧಿ, ಬಾಡಿಗೆ ಅಥವಾ ಪರವಾನಗಿ ಶುಲ್ಕ ಇದೆಯೇ, ವಿದ್ಯುತ್ ಮೀಟರ್ ಯಾರ ಹೆಸರಿನಲ್ಲಿ, ಬಾಗಿಲು ತೆಗೆಯುವ–ಮುಚ್ಚುವ ವೇಳೆ, ಹಳಿಯ ಕಡೆ ಬೇಲಿ ಯಾರು ಹಾಕಬೇಕು, ರೈಲ್ವೆಗೆ ಜಾಗ ಮತ್ತೆ ಬೇಕಾದರೆ ಎಷ್ಟು ತಿಂಗಳ ನೋಟಿಸ್, ಮೇ ತಿಂಗಳಲ್ಲಿ ಹೆಂಚು ನೋಡಿ ದಂಬೆ–ಚರಂಡಿ ಶುಚಿಮಾಡುವುದು ಯಾರ ಹೊಣೆ. ಈ ಕೊನೆಯದಕ್ಕೆ ವರ್ಷಕ್ಕೆ ಇಷ್ಟು ಎಂದು ಮೊತ್ತವನ್ನೂ ನಮೂದಿಸಿ. ಕ್ಯಾಂಟೀನು ಅಥವಾ ಮಳಿಗೆ ಇದ್ದರೆ ಅದರ ಬಾಡಿಗೆಯ ಒಂದು ಪಾಲು ಕಟ್ಟಡದ ಹೆಸರಿನ ಪ್ರತ್ಯೇಕ ಬ್ಯಾಂಕ್ ಖಾತೆಗೇ ಬೀಳಲಿ. ಪಂಚಾಯಿತಿಯ ಸಾಮಾನ್ಯ ಖಾತೆಗೆ ಹೋದ ಹಣ ಕುಡಿಯುವ ನೀರಿನ ಮೋಟಾರಿಗೆ ಖರ್ಚಾಗುವುದನ್ನು ಯಾರೂ ತಪ್ಪು ಎನ್ನಲಾರರು.

ಕೆಲಸ ನಡೆಯುವಾಗ ವಾರಕ್ಕೊಮ್ಮೆ ಫೋಟೋ ತೆಗೆದು ದಿನಾಂಕ ಹಾಕಿಡಿ. ಬಿಚ್ಚಿದ ಹೆಂಚು, ತೊಲೆ, ಬಾಗಿಲುಗಳ ಎಣಿಕೆಗೆ ಸೈಟಿನಲ್ಲೇ ಒಂದು ಪುಸ್ತಕ ಇಟ್ಟು ಗುತ್ತಿಗೆದಾರರ ಮತ್ತು ಎಂಜಿನಿಯರ್ ಇಬ್ಬರ ಸಹಿಯನ್ನೂ ತೆಗೆದುಕೊಳ್ಳಿ. ಅನುದಾನ ಪಡೆದ ಸಂಸ್ಥೆ ನೀವೇ ಆಗಿದ್ದರೆ ಹಣ ಬಳಕೆ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ ಲೆಕ್ಕಪರಿಶೋಧಕರ ಸಹಿಯೊಂದಿಗೆ ವರ್ಷದ ಕೊನೆಗೆ ಸಲ್ಲಿಸಬೇಕು. ಅದು ಬಾಕಿ ಇದ್ದರೆ ಎರಡನೇ ಕಂತು ಬರುವುದಿಲ್ಲ. ಕೆಲಸ ಮುಗಿದಾಗ ಎಲ್ಲಿ ಯಾವ ಗಾರೆ, ಯಾವ ಮರ, ಎಷ್ಟು ಹಳೆಯದು ಎಷ್ಟು ಹೊಸದು ಎಂದು ಗುರುತಿಸಿದ ಅಂತಿಮ ಡ್ರಾಯಿಂಗ್ ಮಾಡಿಸಿ. ಅದರ ಒಂದು ಪ್ರತಿ ಮೈಸೂರು ವಿಭಾಗಕ್ಕೆ, ಒಂದು ಪಂಚಾಯಿತಿಗೆ, ಒಂದು ಊರಿನ ಶಾಲೆಯ ಕಪಾಟಿಗೆ. ಮುಂದಿನ ಸಲ ರಿಪೇರಿಗೆ ಬರುವ ಎಂಜಿನಿಯರ್ ಮೊದಲು ಕೇಳುವುದು ಅದನ್ನೇ.